ಚೌಕಕ್ಕೆ ಚೌಕ ಕೂಡಿ ಕೌದಿಯಾದ ಬಗೆ



ನಿಮ್ಮ ಮನೆಯಲ್ಲೂ ಒಂದು ತಗಡಿನ ಟ್ರಂಕು ಇದ್ದೇ ಇರುತ್ತದೆ. ಅಟ್ಟದ ಮೇಲಿರಬಹುದು, ಮಂಚದ ಕೆಳಗಿರಬಹುದು. ಅದರ ತಳದಲ್ಲಿ ನುಸಿಗುಳಿಗೆಯ ವಾಸನೆ ಹೊಡೆಯುವ ಒಂದು ಗಂಟು. ಗಂಟು ಬಿಚ್ಚಿದರೆ ಗೇಣಗಲದ ಬಟ್ಟೆಯ ಚೌಕಗಳು. ಹೈಸ್ಕೂಲಿನ ಹೊಲಿಗೆ ಪಿರಿಯಡ್ಡಿನಲ್ಲಿ ಅಕ್ಕ ಹಾಕಿದ ಸರಪಳಿ ಹೊಲಿಗೆಯ ಗಿಳಿ. ಹರಿದ ಇಳಕಲ್ ಸೀರೆಯಿಂದ ಅವ್ವ ಕತ್ತರಿಸಿಟ್ಟುಕೊಂಡ ಕಸೂತಿಯ ತೇರು, ಗೋಪುರ. ತಾಂಡಾದ ಹೆಂಗಸು ಜೋಳಕ್ಕೆ ಬದಲಾಗಿ ಕೊಟ್ಟು ಹೋದ ಕನ್ನಡಿ ಕೂಡಿಸಿದ ಕೆಂಪು ತುಂಡು. ಯಾವುದನ್ನೂ ಎಸೆಯಲು ಮನಸ್ಸು ಬರುವುದಿಲ್ಲ, ಯಾವುದೂ ಬಳಕೆಗೂ ಬರುವುದಿಲ್ಲ. “ಎಲ್ಲಾ ಕೂಡಿಸಿ ಒಂದು ಕೌದಿ ಮಾಡಬೇಕು” ಎಂದು ಮೂವತ್ತು ವರ್ಷದಿಂದ ಮಾತು ನಡೆದಿರುತ್ತದೆ. ಮಾಡಿರುವುದಿಲ್ಲ.

ಯಾಕೆ ಮಾಡಿಲ್ಲ? ಚೌಕದ ಮೇಲೆ ಹೂ ಬಿಡಿಸುವುದು ಬಹಳ ಜನಕ್ಕೆ ಬರುತ್ತದೆ. ಚೌಕಕ್ಕೆ ಚೌಕ ಕೂಡಿಸುವುದು ಕೆಲವರಿಗೇ ಬರುತ್ತದೆ. ಹೂವನ್ನು ನೋಡಿದವರು ಹೊಗಳುತ್ತಾರೆ, ಕೂಡಿಕೆಯನ್ನು ಯಾರೂ ನೋಡುವುದಿಲ್ಲ. ಆದರೆ ಹತ್ತು ವರ್ಷದ ಮೇಲೆ ಕೌದಿ ಉಳಿಯಿತೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಆ ಕೂಡಿಕೆಯೇ. ಈ ವಿದ್ಯೆಗೆ ದೊಡ್ಡದೊಂದು ಚರಿತ್ರೆ ಇದೆ, ಅದರ ನಾಲ್ಕಾರು ಎಳೆಗಳು ನಮ್ಮ ಆದವಾನಿ ಸೀಮೆಯ ಮೇಲಿಂದಲೇ ಹಾದು ಹೋಗಿವೆ. ನಾನು ಮೆಟ್ರಿಕ್ ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಪಂಡಿತನಲ್ಲ, ದರ್ಜಿಯೂ ಅಲ್ಲ. ಆದರೆ ಜೀವಮಾನವೆಲ್ಲ ಲೆಕ್ಕ ಕೂಡಿಸಿದವನಿಗೆ ಕೂಡಿಸುವ ಕೆಲಸ ಎಲ್ಲಿ ಕಂಡರೂ ನಿಂತು ನೋಡುವ ಚಟ.

ಮೊದಲು ಕೌದಿಯ ಮಾತು. ನಮ್ಮಲ್ಲಿ ಕೌದಿ ಅನ್ನುವವರೂ ಇದ್ದಾರೆ, ಕವದಿ ಅನ್ನುವವರೂ ಇದ್ದಾರೆ. ತೆಲುಗಿನಲ್ಲಿ ಮಾತನಾಡುವಾಗ ಅದೇ ಬಾಯಿ ಬೊಂತ ಅನ್ನುತ್ತದೆ. ಸಂಸ್ಕೃತದಲ್ಲಿ ತೇಪೆ ಹಾಕಿದ ಬಟ್ಟೆಗೆ ಕಂಥಾ ಎಂದು ಹೆಸರು. ಜಂಗಮರು, ಜೋಗಿಗಳು ಹೊದೆಯುವ ತೇಪೆಯ ಬಟ್ಟೆಯನ್ನು ಕನ್ನಡದಲ್ಲಿ ಕಂಥೆ ಎಂದು ಕರೆದರು. ಬಂಗಾಳದ ಹೆಂಗಸರು ಹಳೆ ಸೀರೆಯ ಪದರಗಳ ಮೇಲೆ ಚಿತ್ರ ಹೊಲಿದು ಮಾಡುವುದಕ್ಕೆ ಇಂದಿಗೂ ಕಾಂಥಾ ಎಂದೇ ಹೆಸರು. ಸಿಂಧ್ ಪ್ರಾಂತದಲ್ಲಿ ಅದೇ ಜಾತಿಯ ಹೊದಿಕೆಗೆ ರಲ್ಲಿ ಅನ್ನುತ್ತಾರೆ. ಬಡತನ ಇದ್ದಲ್ಲೆಲ್ಲ, ಚಳಿ ಇದ್ದಲ್ಲೆಲ್ಲ, ಸೂಜಿ ಹಿಡಿದ ಹೆಂಗಸು ಇದ್ದಲ್ಲೆಲ್ಲ ಕೌದಿ ಇದೆ.

ಇಲ್ಲಿ ಒಂದು ವಿಚಿತ್ರ ನೋಡಿ. ಆದವಾನಿ ಹತ್ತಿಯ ಊರು. ಬ್ರಿಟಿಷರ ಕಾಲದಲ್ಲಿ ಬಳ್ಳಾರಿ, ಅನಂತಪುರ, ಕರ್ನೂಲು ಸೀಮೆಯ ಹತ್ತಿಗೆ ‘ವೆಸ್ಟರ್ನ್ಸ್’ ಎಂಬ ವ್ಯಾಪಾರದ ಹೆಸರೇ ಇತ್ತು. ಜಿನ್ನುಗಳು, ಪ್ರೆಸ್ಸುಗಳು, ಹತ್ತಿಯ ಯಾರ್ಡು, ಸುಗ್ಗಿಯ ದಿನಗಳಲ್ಲಿ ರಸ್ತೆಯ ಇಕ್ಕೆಲದ ಜಾಲಿಗಿಡಗಳಿಗೆಲ್ಲ ಹತ್ತಿಯ ಎಳೆ. ಇಷ್ಟಿದ್ದರೂ ನಮ್ಮ ಕೌದಿಯೊಳಗೆ ಹತ್ತಿ ಇಲ್ಲ! ಹತ್ತಿ ತುಂಬಿದ್ದು ಗಾದಿ. ಅದು ದೂದೇಕುಲದವರ, ಪಿಂಜಾರರ ಕಸುಬು. ಅವರು ಬಂದು ಬಿಲ್ಲು ಮಿಡಿದು ಹತ್ತಿ ಹಿಂಜಿ ತುಂಬಿ ಕೊಟ್ಟರೆ ಅದಕ್ಕೆ ಕೂಲಿ ಕೊಡಬೇಕು. ಬೆಳೆದ ಹತ್ತಿ ಸಾಲದ ಕಂತಿಗೆ ಹೋಗುತ್ತಿತ್ತು. ಮನೆಯವರ ಮೈಮೇಲೆ ಬರುತ್ತಿದ್ದದ್ದು ಹಳೆ ಸೀರೆ, ಹಳೆ ಧೋತರ, ಸವೆದ ಅಂಗಿ. 1943ರಲ್ಲಿ ಯುದ್ಧದ ಕಾಲದ ಬಟ್ಟೆ ಕಂಟ್ರೋಲ್ ಬಂದಾಗ ಅಂಗೈ ಅಗಲದ ಚಿಂದಿಯನ್ನೂ ಬಿಡದೆ ಕೌದಿಗೆ ಸೇರಿಸಿದರೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಕೌದಿಯ ಮುಖದಲ್ಲಿ ತುಂಡುಗಳು ಸಣ್ಣದಾದಷ್ಟೂ ಆ ವರ್ಷ ಕಷ್ಟದ್ದು ಎಂದು ತಿಳಿಯಬಹುದು.

ಸಾದಾ ಕೌದಿ ಹೊಲಿಯುವ ರೀತಿ ನಿಮಗೆ ಗೊತ್ತಿದ್ದದ್ದೇ. ಅಡಿಗೆ ಒಂದು ಹಳೆ ಸೀರೆ, ಅದರ ಮೇಲೆ ಮೂರು ನಾಲ್ಕು ಪದರ, ಮುಖಕ್ಕೆ ಬಣ್ಣಬಣ್ಣದ ತುಂಡು. ದಪ್ಪ ದಾರ ಪೋಣಿಸಿ ಅಂಚಿನಿಂದ ಹಿಡಿದು ಸುತ್ತು ಸುತ್ತಾಗಿ ಒಳಕ್ಕೆ, ಇಲ್ಲವೇ ಈ ತುದಿಯಿಂದ ಆ ತುದಿಗೆ ಸಾಲು ಸಾಲಾಗಿ, ಒಂದು ಬೆರಳಿನ ಅಂತರದಲ್ಲಿ ಕಚ್ಚಾ ಹೊಲಿಗೆ. ಇದರಲ್ಲಿ ತುಂಡನ್ನು ತುಂಡಿಗೆ ಕೂಡಿಸುವ ಹೊಲಿಗೆಯೂ ಪದರಗಳನ್ನು ಹಿಡಿದಿಡುವ ಹೊಲಿಗೆಯೂ ಒಂದೇ. ಅದೇ ಅದರ ಜಾಣತನ. ಆದರೆ ಕಸೂತಿ ಹಾಕಿದ ಚೌಕಗಳಿಗೆ ಇದೇ ರೀತಿ ಹಿಡಿದರೆ ಹೊಲಿಗೆಯ ಸಾಲು ನೇರವಾಗಿ ಗಿಳಿಯ ಕೊಕ್ಕಿನ ಮೇಲೆ, ತೇರಿನ ಕಳಸದ ಮೇಲೆ ಹಾಯುತ್ತದೆ. ಗಿಳಿ ಸುಕ್ಕಾಗುತ್ತದೆ. ಅಕ್ಕ ಒಂದು ಬೇಸಿಗೆಯೆಲ್ಲ ಕೂತು ಹಾಕಿದ್ದು ಒಂದು ಮಧ್ಯಾಹ್ನದಲ್ಲಿ ಹಾಳು. ಹಾಗಾಗಿ ಕಸೂತಿಯ ಚೌಕಕ್ಕೆ ಬೇರೆಯೇ ಕೂಡಿಕೆ ಬೇಕು.

ಆ ಬೇರೆ ಕೂಡಿಕೆಯ ಅತಿ ಹಳೆಯ ಕತೆ ಬೌದ್ಧ ಭಿಕ್ಷುಗಳ ನಿಯಮಗಳನ್ನು ಹೇಳುವ ವಿನಯ ಪಿಟಕದಲ್ಲಿದೆ. ಬುದ್ಧ ದಾರಿಯಲ್ಲಿ ಹೋಗುತ್ತಾ ಮಗಧದ ಗದ್ದೆಗಳನ್ನು ಕಂಡನಂತೆ. ಚೌಕ ಚೌಕದ ಮಡಿಗಳು, ನಡುವೆ ನೇರವಾದ ಬದುಗಳು, ಬದುಗಳು ಸೇರುವಲ್ಲಿ ಚೌಕ. ಜೊತೆಯಲ್ಲಿದ್ದ ಆನಂದನಿಗೆ, ಭಿಕ್ಷುಗಳ ಚೀವರವನ್ನು ಹೀಗೆ ಮಾಡಲು ಬರುತ್ತದೆಯೇ ಎಂದು ಕೇಳಿದ. ಆನಂದ ತುಂಡುಗಳನ್ನು ಕತ್ತರಿಸಿ, ನಡುವೆ ಪಟ್ಟಿಗಳನ್ನು ಇಟ್ಟು ಹೊಲಿದು ತಂದು ತೋರಿಸಿದ. ಬುದ್ಧ ಮೆಚ್ಚಿದ. ಕತ್ತರಿಸಿ ಕೂಡಿಸಿದ ಬಟ್ಟೆಯಾದ್ದರಿಂದ ಕಳ್ಳನಿಗೆ ಅದರ ಮೇಲೆ ಆಸೆಯಿಲ್ಲ ಎಂಬ ಮಾತೂ ಅಲ್ಲಿದೆ. ಇಂದಿಗೂ ಭಿಕ್ಷುಗಳ ಚೀವರ ಗದ್ದೆಯ ನಕ್ಷೆಯಂತೆಯೇ ಇರುತ್ತದೆ.

ಇದು ದೂರದ ಮಗಧದ ಕತೆ ಎಂದು ಬಿಡಬೇಡಿ. ತಾನು ಉಪಾಸಕನಾದೆ, ಸಂಘದ ಬಳಿಗೆ ಹೋದೆ ಎಂದು ಹೇಳಿಕೊಂಡ ಅಶೋಕನ ಶಾಸನಗಳು ಪತ್ತಿಕೊಂಡದ ಕಡೆಯ ಎರ್ರಗುಡಿ, ರಾಜುಲಮಂಡಗಿರಿಯಲ್ಲಿವೆ. ಗಡಿ ದಾಟಿದರೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳದಲ್ಲಿವೆ. ಗದ್ದೆಯ ನಕ್ಷೆಯ ಚೀವರ ಹೊದ್ದ ಜನ ಈ ಸೀಮೆಯ ದಾರಿಯಲ್ಲಿ ಎರಡು ಸಾವಿರ ವರ್ಷದ ಹಿಂದೆಯೇ ನಡೆದಿರಬೇಕೆಂದು ನನಗೆ ಅನ್ನಿಸುತ್ತದೆ. ಇನ್ನೊಂದು ಮಾತು. ಆ ಪಾಳಿ ಗ್ರಂಥದಲ್ಲಿ ಬದುವಿಗೆ, ಎಲ್ಲೆಗೆ ಇರುವ ಶಬ್ದ ‘ಮರಿಯಾದ’. ನಮ್ಮ ಮರ್ಯಾದೆಯೂ ಮೂಲದಲ್ಲಿ ಎಲ್ಲೆ ಎಂಬ ಅರ್ಥದ್ದೇ. ಗಡಿನಾಡಿನಲ್ಲಿ ಹುಟ್ಟಿದವನಿಗೆ ಈ ಶಬ್ದದ ಮೇಲೆ ಸ್ವಲ್ಪ ಹೆಚ್ಚು ಹೊತ್ತು ಕಣ್ಣು ನಿಲ್ಲುತ್ತದೆ.

ಆನಂದನ ಬದುವೇ ನಿಮ್ಮ ಟ್ರಂಕಿನ ಚೌಕಗಳಿಗೆ ಮೊದಲ ಉಪಾಯ. ಚೌಕಕ್ಕೆ ಚೌಕವನ್ನು ನೇರ ಅಂಟಿಸಬೇಡಿ, ನಡುವೆ ಸಾದಾ ಬಟ್ಟೆಯ ಪಟ್ಟಿ ಕೊಡಿ. ಇದರಿಂದ ಮೂರು ಲಾಭ. ಗಿಳಿಗೂ ತೇರಿಗೂ ಉಸಿರಾಡಲು ಜಾಗ ಸಿಗುತ್ತದೆ. ಕೆಳಗಿನ ಪದರಗಳನ್ನು ಹಿಡಿಯುವ ಕಚ್ಚಾ ಹೊಲಿಗೆಯನ್ನು ಬದುವಿನ ಮೇಲೆ ಮಾತ್ರ ಓಡಿಸಬಹುದು, ಕಸೂತಿಗೆ ಸೂಜಿ ತಾಗುವುದಿಲ್ಲ. ಮತ್ತು ಚೌಕಗಳು ಕಡಿಮೆಯಿದ್ದರೂ ಕೌದಿ ದೊಡ್ಡದಾಗುತ್ತದೆ. ಲೆಕ್ಕ ಹೇಳುತ್ತೇನೆ, ನನ್ನ ಹಳೆ ಅಭ್ಯಾಸ. ಒಂಬತ್ತು ಅಂಗುಲದ ಚೌಕ ಅಡ್ಡಕ್ಕೆ 6, ಉದ್ದಕ್ಕೆ 8 ಇಟ್ಟರೆ ಒಟ್ಟು 48. ಬದುವಿಲ್ಲದೆ ಕೂಡಿಸಿದರೆ 54 ಅಂಗುಲ ಅಗಲ, 72 ಅಂಗುಲ ಉದ್ದ, ಒಬ್ಬರ ಕಾಲು ಹೊರಗೆ. ಎರಡು ಅಂಗುಲದ ಬದು ಕೊಟ್ಟರೆ ಅಡ್ಡಕ್ಕೆ 7 ಬದು, ಉದ್ದಕ್ಕೆ 9 ಬದು ಬರುತ್ತವೆ. ಕೌದಿ 68 ಅಂಗುಲ ಅಗಲ, 90 ಅಂಗುಲ ಉದ್ದವಾಗುತ್ತದೆ. 48 ಚೌಕ ಇಲ್ಲ, 24 ಮಾತ್ರ ಇದೆ ಅನ್ನುತ್ತೀರಾ? ಚದುರಂಗದ ಮಣೆಯಂತೆ ಒಂದು ಬಿಟ್ಟು ಒಂದು ಸಾದಾ ಚೌಕ ಇಡಿ, ಅದೇ ಅಳತೆ ಬಂತು. ಬದುಗಳು ಸೇರುವ ಕಡೆ ಸಣ್ಣ ಬೇರೆ ಬಣ್ಣದ ಚೌಕ ಇಟ್ಟರೆ, ಮೂಲೆಗಳು ಸರಿಯಾಗಿ ಕೂಡದಿದ್ದ ದೋಷ ಕಣ್ಣಿಗೆ ಬೀಳುವುದಿಲ್ಲ. ನನಗೆ ಇದನ್ನು ಹೇಳಿಕೊಟ್ಟ ಮುದುಕಿ “ನಾಲ್ಕು ಬದುವು ಕೂಡೋ ಕಡೆ ಒಂದು ಗಿಡ ಇರಬೇಕಲ್ಲಪ್ಪಾ” ಅಂದಿದ್ದಳು.

ಎಲ್ಲ ಚೌಕಗಳೂ ಒಂದೇ ಅಳತೆಯಲ್ಲಿ ಇರುವುದಿಲ್ಲ. ಅಕ್ಕನದು ಎಂಟು ಅಂಗುಲ, ಅತ್ತಿಗೆಯದು ಹತ್ತು. ದೊಡ್ಡದನ್ನು ಕತ್ತರಿಸಲು ಹೋಗಬೇಡಿ. ಸಣ್ಣದಕ್ಕೆ ಸುತ್ತಲೂ ಫೋಟೋಕ್ಕೆ ಕಟ್ಟು ಹಾಕಿಸಿದಂತೆ ಪಟ್ಟಿ ಕೂಡಿಸಿ ದೊಡ್ಡದರ ಅಳತೆಗೆ ತನ್ನಿ. ಒಂದರ ಕಟ್ಟು ಅಗಲ, ಇನ್ನೊಂದರದು ಕಿರಿದು, ಅಷ್ಟೇ. ಪಟ್ಟಿಯ ಬಟ್ಟೆ ಹೊಸದಾದರೆ ಮೊದಲೇ ಒಮ್ಮೆ ನೀರಿಗೆ ಹಾಕಿ ಒಣಗಿಸಿ. ಹಳೆ ಚೌಕ ಕುಗ್ಗಿ ಮುಗಿದಿರುತ್ತದೆ, ಹೊಸ ಬಟ್ಟೆ ಆಮೇಲೆ ಕುಗ್ಗಿದರೆ ಕೌದಿ ಮುದುಡುತ್ತದೆ. ಪಟ್ಟಿಗೆ ಮಗ್ಗದ ಬಟ್ಟೆಯಷ್ಟು ಚೆನ್ನಾಗಿ ಹೊಂದುವುದು ಇನ್ನೊಂದಿಲ್ಲ. ಮಗ್ಗದ ಬಟ್ಟೆ ಅಂದಾಗ ಪಕ್ಕದ ಎಮ್ಮಿಗನೂರನ್ನು ನೆನೆಯಲೇಬೇಕು. 1938ರಲ್ಲಿ ಮಾಚಾನಿ ಸೋಮಪ್ಪನವರು ಅಲ್ಲಿ ನೇಕಾರರ ಸಹಕಾರ ಸಂಘ ಕಟ್ಟಿದರು. ಆ ಸಂಘದ ದುಪ್ಪಟಿ, ಟವಲುಗಳು ಹಳೆಯದಾದ ಮೇಲೆ ನಮ್ಮ ಸೀಮೆಯ ಎಷ್ಟು ಕೌದಿಗಳಿಗೆ ಒಳಪದರವಾದವೋ ಲೆಕ್ಕವಿಲ್ಲ.

ಎರಡನೆಯ ಕೂಡಿಕೆ ಲಂಬಾಣಿಗರದು, ನಮ್ಮ ಕಡೆಯವರು ಸುಗಾಲಿ ಅನ್ನುತ್ತೇವೆ. ಇಲ್ಲಿ ಸ್ವಲ್ಪ ನಿಂತು ನೋಡಬೇಕು.

ಲಂಬಾಣಿಗರು ಎತ್ತುಗಳ ಬೆನ್ನ ಮೇಲೆ ಉಪ್ಪು, ದವಸ ಹೇರಿಕೊಂಡು ದೇಶವೆಲ್ಲ ತಿರುಗಿದ ಜನ. ಮೊಗಲರ ಸೈನ್ಯ ದಖ್ಖನಿಗೆ ಬಂದಾಗ ಅದಕ್ಕೆ ಧಾನ್ಯ ಹೊತ್ತವರು ಅವರು. 1791–92ರಲ್ಲಿ ಟಿಪ್ಪುವಿನ ಮೇಲೆ ಶ್ರೀರಂಗಪಟ್ಟಣಕ್ಕೆ ಹೋದ ಕಾರ್ನ್‌ವಾಲಿಸನ ಸೈನ್ಯಕ್ಕೂ ಅವರೇ ಹೊತ್ತರು. ರಾಜರು ಬದಲಾದರು, ಹೊರುವವರು ಬದಲಾಗಲಿಲ್ಲ. ಆದರೆ 1871ರಲ್ಲಿ ಮದ್ರಾಸಿನ ರೈಲು ರಾಯಚೂರಿನ ತನಕ ಬಂದು ಬೊಂಬಾಯಿಯ ರೈಲನ್ನು ಕೂಡಿಕೊಂಡಿತು. ಆ ದಾರಿ ನಮ್ಮ ಆದವಾನಿಯ ಮೇಲೆಯೇ ಹೋಗಿದೆ. ಸಾವಿರ ಎತ್ತು ತಿಂಗಳುಗಟ್ಟಲೆ ಸಾಗಿಸುತ್ತಿದ್ದ ಉಪ್ಪನ್ನು ಗಾಡಿ ಕೆಲವೇ ದಿನದಲ್ಲಿ ತಂದಿಳಿಸಿತು. ಹತ್ತಿಯ ವ್ಯಾಪಾರಕ್ಕೆ ಜೀವ ಬಂದ ಆ ಹಳಿಯೇ ಎತ್ತಿನ ವ್ಯಾಪಾರಕ್ಕೆ ಮುಳುವಾಯಿತು. ಕಸುಬು ಹೋದ ಜನರ ಹಣೆಗೆ ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟು ಎಂಬ ಚೀಟಿಯನ್ನೂ ಅಂಟಿಸಿತು. ಆ ಕಾಯ್ದೆ ರದ್ದಾದದ್ದು 1952ರಲ್ಲಿ.

ಈಗ ಅವರ ಹೊಲಿಗೆ ನೋಡಿ. ಹೆಂಗಸರ ಫೇಟಿಯಾ ಅನ್ನುವ ಲಂಗ, ಕಾಂಚಳಿ ಅನ್ನುವ ರವಿಕೆ, ಕೊಥಳಿ ಅನ್ನುವ ಚೀಲ, ಎಲ್ಲವೂ ಸಣ್ಣ ಸಣ್ಣ ತುಂಡುಗಳನ್ನು ಕೂಡಿಸಿ ಮಾಡಿದ್ದು. ಯಾಕೆ ಸಣ್ಣ ತುಂಡು? ನಾನು ಹೀಗೆ ತರ್ಕ ಮಾಡಿದ್ದೇನೆ: ಎತ್ತಿನ ಹಿಂದೆ ನಡೆಯುತ್ತಾ ಇರುವ ಹೆಂಗಸು ಅಂಗೈಯಲ್ಲಿ ಹಿಡಿಸುವಷ್ಟನ್ನೇ ಹೊಲಿಯಬಲ್ಲಳು. ಮುಂದಿನ ಬಿಡಾರದಲ್ಲಿ ಕೂತಾಗ ಕೂಡಿಸುತ್ತಾಳೆ. ಆಕೆಯ ಕೂಡಿಕೆಯ ಗುಟ್ಟು ಏನೆಂದರೆ, ಅವಳು ಅದನ್ನು ಮುಚ್ಚಿಡುವುದಿಲ್ಲ, ಅದರ ಮೇಲೆಯೇ ಕಸೂತಿ ಹಾಕುತ್ತಾಳೆ. ಎರಡು ತುಂಡು ಸೇರುವ ಗೆರೆಯ ಮೇಲೆ ಬಿಳಿ, ಹಳದಿ ದಾರದಲ್ಲಿ ಒತ್ತೊತ್ತಾಗಿ ಹೊಲಿಗೆ ಓಡಿಸಿ, ಗೆರೆ ಎಲ್ಲಿತ್ತು ಎಂಬುದೇ ತಿಳಿಯದ ಹಾಗೆ ಮಾಡುತ್ತಾಳೆ. ತುಂಡು ಸವೆದು ಹರಿಯಬಹುದು, ಕೂಡಿಕೆ ಹರಿಯುವುದಿಲ್ಲ. ಸಂಡೂರಿನ ಕಡೆ ಹದಿನಾಲ್ಕು ಬಗೆಯ ಹೊಲಿಗೆ ಎಣಿಸುತ್ತಾರೆ. ಕಿಲನ್, ವೇಲೆ, ಮಾಕಿ, ರೇಲೊ, ನಾಕ್ರಾ ಹೀಗೆ. ಅದರಲ್ಲಿ ಒಂದರ ಹೆಸರು ಕೌಡಿ!

ನೀವು ಇದನ್ನು ಮನೆಯಲ್ಲಿ ಮಾಡುವುದಾದರೆ ಹೀಗೆ: ಎರಡು ಚೌಕಗಳ ಅಂಚನ್ನು ಒಳಕ್ಕೆ ಅರ್ಧ ಅಂಗುಲ ಮಡಿಸಿ ಇಸ್ತ್ರಿ ಹಾಕಿ. ಅಂಚಿಗೆ ಅಂಚು ತಾಗಿಸಿ ಹಿಂದಿನಿಂದ ಸಣ್ಣಗೆ ಸುತ್ತು ಹೊಲಿಗೆ ಕೊಡಿ. ಮುಂದಿನಿಂದ ಆ ಗೆರೆಯ ಎಡಕ್ಕೊಂದು ಬಲಕ್ಕೊಂದು ಹೆಜ್ಜೆ ಇಡುತ್ತಾ ಓರೆ ಹೊಲಿಗೆ ಓಡಿಸಿ. ಅಂಚುಗಳ ನಡುವೆ ಕಾಲಂಗುಲ ಸಂದು ಬಿಟ್ಟು ಅದೇ ಓರೆ ಹೊಲಿಗೆ ಹಾಕಿದರೆ ಜಾಳಿಗೆ ಬರುತ್ತದೆ. ನೋಡಲು ಬಹಳ ಚೆಂದ, ಆದರೆ ಅದು ಹೊದೆಯುವ ಕೌದಿಗೆ ಬೇಡ. ಮಗುವಿನ ಕಾಲ್ಬೆರಳು ಸಿಕ್ಕಿಕೊಳ್ಳುತ್ತದೆ. ಮಂಚದ ಮೇಲೆ ಹಾಸುವುದಕ್ಕೆ, ಬಾಗಿಲಿಗೆ ಇಳಿಬಿಡುವುದಕ್ಕೆ ಸರಿ. ಕನ್ನಡಿ, ಕವಡೆ ಇರುವ ಚೌಕಗಳನ್ನು ನಡುವೆ ಇಡಬೇಡಿ. ಮೈ ಉರುಳಿದಾಗ ಚುಚ್ಚುತ್ತದೆ. ಕಾಲಿನ ಕಡೆಯ ಅಂಚಿಗೆ, ಇಳಿಬೀಳುವ ಪಕ್ಕಗಳಿಗೆ ಹಾಕಿ. ಕೆಂಪು ಬಟ್ಟೆಯನ್ನು ಕೂಡಿಸುವ ಮುಂಚೆ ಒಂದು ಮೂಲೆಯನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ಮೇಲೆ ಒತ್ತಿ ನೋಡಿ. ಬಣ್ಣ ಬಿಟ್ಟರೆ ಅದು ಒಬ್ಬಂಟಿಯಾಗಿ ಗೋಡೆಯ ಮೇಲಿರಲಿ, ಅಕ್ಕನ ಬಿಳಿ ಗಿಳಿಯ ಪಕ್ಕಕ್ಕೆ ಬೇಡ.

ಇನ್ನು ಒಂದು ಕಹಿ ಮಾತು. ಸ್ಟೀಲ್ ಪಾತ್ರೆ ಹೊತ್ತು ತಾಂಡಾಗಳಿಗೆ ಬರುವವರನ್ನು ನಾನು ಕಂಡಿದ್ದೇನೆ. ಅಜ್ಜಿಯ ಮದುವೆಯ ಫೇಟಿಯಾಕ್ಕೆ ಒಂದು ಕೊಡ, ಎರಡು ಬೋಗುಣಿ. ಆ ಫೇಟಿಯಾವನ್ನು ಇಡಿಯಾಗಿ ಯಾರೂ ಮಾರುವುದಿಲ್ಲ. ಅದನ್ನು ಚೌಕ ಚೌಕವಾಗಿ ಕತ್ತರಿಸಿ, ಬೇರೆ ಬೇರೆ ಹೆಂಗಸರ ತುಂಡುಗಳನ್ನು ಮಿಷನ್ನಿನಲ್ಲಿ ಒಂದರ ಮೇಲೊಂದು ಹತ್ತಿಸಿ, ಗೋಡೆಗೆ ತೂಗುಹಾಕುವ ಪರದೆ ಮಾಡಿ ಹಂಪಿಯಲ್ಲಿ, ಗೋವೆಯಲ್ಲಿ ಮಾರುತ್ತಾರೆ. ಕೊಳ್ಳುವವರಿಗೆ ಅದು ಚೆಂದ. ಹತ್ತಿರ ಹೋಗಿ ನೋಡಿದರೆ ಕತ್ತರಿ ಹೂವಿನ ನಡುವೆಯೇ ಹಾಯ್ದಿರುತ್ತದೆ; ಕೂಡಿಕೆಯ ಮೇಲೆ ಹಾಕಿದ್ದ ಹೊಲಿಗೆ ಅರ್ಧ ಈ ತುಂಡಿನಲ್ಲಿ, ಅರ್ಧ ಇನ್ನೆಲ್ಲೋ. ಕೌದಿಯೂ ತುಂಡು ಕೂಡಿಸಿದ್ದೇ, ಇದೂ ತುಂಡು ಕೂಡಿಸಿದ್ದೇ. ಆದರೆ ಒಂದು ಉಳಿಸಲು ಕತ್ತರಿಸಿದ್ದು, ಇನ್ನೊಂದು ಮಾರಲು ಕತ್ತರಿಸಿದ್ದು. ನಿಮ್ಮ ಹತ್ತಿರ ಅಂಥ ಫೇಟಿಯಾ ಇದ್ದರೆ ದಯವಿಟ್ಟು ಕತ್ತರಿ ಇಡಬೇಡಿ. ಈ ಲೇಖನದಲ್ಲಿ ಇದೊಂದು ಮಾತನ್ನಾದರೂ ನಡೆಸಿಕೊಡಿ.

ಒಳ್ಳೆಯದೂ ಆಗಿದೆ. ಸಂಡೂರಿನಲ್ಲಿ 1980ರ ದಶಕದಲ್ಲಿ ಶುರುವಾದ ಸಂಡೂರು ಕುಶಲ ಕಲಾ ಕೇಂದ್ರ ತಾಂಡಾದ ಹೆಂಗಸರಿಗೆ ಕೂಲಿ ಕೊಟ್ಟು ಹೊಸ ಬಟ್ಟೆಯ ಮೇಲೆಯೇ ಈ ಹೊಲಿಗೆ ಹಾಕಿಸುತ್ತದೆ. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಕೆಯ ಗುರುತೂ ಸಿಕ್ಕಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಸುಮಾರು 450 ಮಂದಿ ಲಂಬಾಣಿ ಹೆಂಗಸರು ಹೊಲಿದ 1755 ವಸ್ತುಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಿದರು. ಅದನ್ನು ಪತ್ರಿಕೆಯಲ್ಲಿ ಓದಿ ನನಗೆ ಸಂತೋಷವೂ ಆಯಿತು, ಒಂದು ಯೋಚನೆಯೂ ಬಂತು. ಸಂಡೂರೂ ಆದವಾನಿಯೂ ಒಂದೇ ಜಿಲ್ಲೆಯಲ್ಲಿದ್ದ ಕಾಲ ಒಂದಿತ್ತು. ಈಗ ಅದೇ ಜನ ಆ ಕಡೆ ಪರಿಶಿಷ್ಟ ಜಾತಿ, ಈ ಕಡೆ ಪರಿಶಿಷ್ಟ ಪಂಗಡ. ಅಕ್ಕ ಸಂಡೂರಿನ ತಾಂಡಾಕ್ಕೆ, ತಂಗಿ ಆಲೂರಿನ ತಾಂಡಾಕ್ಕೆ ಮದುವೆಯಾಗಿ ಹೋಗಿದ್ದರೆ ಇಬ್ಬರ ಮಕ್ಕಳ ಸರ್ಟಿಫಿಕೇಟಿನಲ್ಲಿ ಬೇರೆ ಬೇರೆ ಬರೆದಿರುತ್ತದೆ. ಇಬ್ಬರ ಹೊಲಿಗೆ ಮಾತ್ರ ಒಂದೇ.

ಮೂರನೆಯ ಕೂಡಿಕೆಯನ್ನು ಹೇಳುವ ಮುಂಚೆ ನಿಮ್ಮನ್ನು ಆದವಾನಿ ಕೋಟೆಯ ಕೆಳಗಿನ ಜಾಮಿಯಾ ಮಸೀದಿಯ ಮುಂದೆ ನಿಲ್ಲಿಸಬೇಕು. ಅದನ್ನು ಕಟ್ಟಿಸಿದವನು ಸಿದ್ದಿ ಮಸೂದ್ ಖಾನ್. ಬಿಜಾಪುರದ ಆದಿಲ್‌ಶಾಹಿಯ ಕೊನೆಗಾಲದಲ್ಲಿ, 1662ರಿಂದ 1687ರವರೆಗೆ, ಆದವಾನಿಯ ಅಧಿಪತಿ. ಹೆಸರೇ ಹೇಳುವಂತೆ ಆಫ್ರಿಕದ ಮೂಲದವನು. ಅರಬರ, ಪೋರ್ಚುಗೀಸರ ಹಡಗುಗಳಲ್ಲಿ ಬಂದ ಆಫ್ರಿಕದವರಲ್ಲಿ ಕೆಲವರು ಹೀಗೆ ಕೋಟೆಗಳ ಒಡೆಯರಾದರು. ಬಹಳ ಜನ ಗುಲಾಮರಾಗಿ ಬದುಕಿ, ತಪ್ಪಿಸಿಕೊಂಡು ಕಾಡು ಸೇರಿದರು. ಅವರ ಸಂತತಿಯವರು ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಇದ್ದಾರೆ. ನಮ್ಮ ಮಸೂದ್ ಖಾನನಿಗೂ ಅವರಿಗೂ ನಂಟು ಹೇಳಲು ನಾನು ಹೊರಟಿಲ್ಲ. ಸಿದ್ದಿ ಎಂಬ ಹೆಸರು ನಮ್ಮ ಊರಿಗೆ ಹೊಸದಲ್ಲ ಎಂದಷ್ಟೇ ಹೇಳಿದೆ.

ಸಿದ್ದಿ ಹೆಂಗಸರ ಕೌದಿ ಈಗ ಲೋಕಪ್ರಸಿದ್ಧ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹೆನ್ರಿ ಡ್ರೂವಲ್ ಎಂಬ ವಿದ್ವಾಂಸರು ಅದನ್ನು ಅಭ್ಯಾಸ ಮಾಡಿದರು. 2004ರಲ್ಲಿ ಅವರ ನೆರವಿನಿಂದ ಸಿದ್ದಿ ಹೆಂಗಸರ ಕೌದಿ ಸಹಕಾರಿ ಕೂಟ ಶುರುವಾಯಿತು, ಕೌದಿಗಳು ಸಮುದ್ರ ದಾಟಿ ಪ್ರದರ್ಶನಕ್ಕೆ ಹೋದವು. ಇವರು ಮೊದಲೇ ಮುಖವನ್ನು ಜೋಡಿಸಿಟ್ಟುಕೊಳ್ಳುವುದಿಲ್ಲ. ಅಡಿಯ ಸೀರೆಯನ್ನು ಹಾಸಿ, ಒಂದು ಮೂಲೆಯಲ್ಲಿ ಕೂತು, ತುಂಡಿನ ಮೇಲೆ ತುಂಡಿಟ್ಟು ಹೊಲಿಯುತ್ತಾ, ಅಂಚು ಹಿಡಿದು ಸುತ್ತು ಬರುತ್ತಾ ನಡುವಿಗೆ ತಲುಪುತ್ತಾರೆ. ಮುಗಿದ ಮೇಲೆ ನಾಲ್ಕು ಮೂಲೆಗೂ ತ್ರಿಕೋನವಾಗಿ ಮಡಿಸಿದ ಬಟ್ಟೆಯ ದಪ್ಪ ತುಂಡುಗಳನ್ನು ಕೂಡಿಸುತ್ತಾರೆ. ಅದಕ್ಕೆ ಫೂಲಾ, ಅಂದರೆ ಹೂ, ಎಂದು ಹೆಸರು. ಹೂವಿಲ್ಲದ ಕೌದಿ ಅವರ ಕಣ್ಣಿಗೆ ಪೂರ್ತಿಯಾದ ಕೌದಿಯಲ್ಲ. ಬರೀ ಅಲಂಕಾರ ಅಂದುಕೊಳ್ಳಬೇಡಿ. ಕೌದಿಯನ್ನು ನಾವು ಎಳೆಯುವುದು ಮೂಲೆ ಹಿಡಿದೇ, ಝಾಡಿಸುವುದೂ ಮೂಲೆ ಹಿಡಿದೇ, ಮೊದಲು ಪಿಸಿಯುವುದೂ ಮೂಲೆಯೇ. ನಿಮ್ಮ ಚೌಕಗಳ ಕೌದಿಗೆ ಈ ಹೂ ಕೂಡಿಸಿ ನೋಡಿ, ಅದರ ಆಯುಸ್ಸು ಬೆಳೆಯುತ್ತದೆ.

ಕಸೂತಿಯ ಚೌಕಗಳ ಬಗ್ಗೆ ಸಂಕ್ಷಿಪ್ತವಾಗಿ ಹೇಳಿಬಿಡುತ್ತೇನೆ. ಧಾರವಾಡ ಕಡೆಯ ಈ ಹೊಲಿಗೆಯಲ್ಲಿ ಗವಂತಿ, ಮುರಗಿ, ನೇಯ್ಗಿ, ಮೆಂತಿ ಎಂದು ನಾಲ್ಕು ಬಗೆ. ಗವಂತಿ ಸರಿಯಾಗಿ ಹಾಕಿದ್ದರೆ ಹಿಂದೂ ಮುಂದೂ ಒಂದೇ. ಅಂಥ ಚೌಕವನ್ನು ಪದರಗಳ ಮೇಲೆ ಹಾಕಿ ಅದರ ಬೆನ್ನು ಮುಚ್ಚುವುದು ನನಗೆ ಅನ್ಯಾಯವೆನಿಸುತ್ತದೆ. ಬದುವನ್ನು ಎರಡೂ ಕಡೆ ಮಡಿಸಿ ಹೊಲಿದು, ಒಂಟಿ ಪದರದ ಬೇಸಿಗೆಯ ಹೊದಿಕೆ ಮಾಡಿ. ನಮ್ಮ ಬಿಸಿಲಿಗೆ ಅದೇ ಸಾಕು.

ಈಗ 1953ಕ್ಕೆ ಬರೋಣ. ಆ ವರ್ಷದ ಫೆಬ್ರವರಿಯಲ್ಲಿ ನ್ಯಾಯಮೂರ್ತಿ ವಾಂಛೂ ಅವರ ವರದಿ, ಅಕ್ಟೋಬರ್ 1ರಂದು ಆಂಧ್ರ ರಾಜ್ಯ. ಮದ್ರಾಸಿನ ಬಳ್ಳಾರಿ ಜಿಲ್ಲೆಯನ್ನು ತಾಲೂಕು ತಾಲೂಕಾಗಿ ಬಿಡಿಸಿ ಹಂಚಿದರು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ. ಬಳ್ಳಾರಿ, ಸಿರುಗುಪ್ಪ, ಸಂಡೂರು, ಹೊಸಪೇಟೆ ಮೊದಲಾದವು ಮೈಸೂರಿಗೆ. ಅದರ ಸರಿತಪ್ಪು ಮಾತನಾಡಿ ನಮ್ಮ ಹಿರಿಯರು ದಣಿದಿದ್ದಾರೆ, ನಾನು ಅದನ್ನು ಎತ್ತುವುದಿಲ್ಲ. ಹೊಲಿಗೆಯಲ್ಲಿ ಅದು ಹೇಗೆ ಬಿತ್ತು ಎಂಬುದನ್ನು ಮಾತ್ರ ಹೇಳುತ್ತೇನೆ.

ಹೊಳಗುಂದದ ಕಡೆ ನಮ್ಮ ನೆಂಟರೊಬ್ಬರ ಮನೆಯಲ್ಲಿ ಒಂದು ಕೌದಿ ಇದೆ. ಅದರಲ್ಲಿ ಎರಡು ಚೌಕಗಳ ಮೇಲೆ ಹೆಸರು ಹೊಲಿದಿದೆ. ಒಂದು ತಾಯಿ ಹುಡುಗಿಯಾಗಿದ್ದಾಗ ಕನ್ನಡ ಶಾಲೆಯಲ್ಲಿ ಹಾಕಿದ್ದು, ಇನ್ನೊಂದು ಮಗಳು 1970ರ ದಶಕದಲ್ಲಿ ತೆಲುಗು ಮಾಧ್ಯಮದಲ್ಲಿ ಓದುವಾಗ ಹಾಕಿದ್ದು. ನಿಮಗೆ ಗೊತ್ತಲ್ಲ, ಎರಡು ಲಿಪಿಗೂ ಮೈ ಬಹುಪಾಲು ಒಂದೇ, ತಲೆಕಟ್ಟು ಬೇರೆ. ಕನ್ನಡದ ತಲೆಕಟ್ಟಿಗೆ ದಾರ ಅಡ್ಡಕ್ಕೆ ಹೋಗಿ ನಿಲ್ಲುತ್ತದೆ. ತೆಲುಗಿನದಕ್ಕೆ ಕೆಳಗಿಳಿದು ಮೇಲಕ್ಕೆ ಹಾರುತ್ತದೆ, ಮೇಷ್ಟ್ರು ಸರಿ ಹಾಕಿದ ಗುರುತಿನಂತೆ. ಸರಪಳಿ ಹೊಲಿಗೆಯಲ್ಲಿ ಎರಡಕ್ಕೂ ಇರುವ ವ್ಯತ್ಯಾಸ ಅಕ್ಷರಕ್ಕೆ ಎರಡು ಮೂರು ಕುಣಿಕೆ. ಕೌದಿ ಕೂಡಿಸಿದವಳು ಸಿರುಗುಪ್ಪ ತಾಲೂಕಿನಿಂದ ಬಂದ ಸೊಸೆ. ಉಳಿದ ಎಲ್ಲ ಚೌಕಗಳ ನಡುವೆ ಬದು ಕೊಟ್ಟಿದ್ದಾಳೆ. ಈ ಎರಡು ಚೌಕಗಳ ನಡುವೆ ಮಾತ್ರ ಬದು ಇಲ್ಲ, ಅಂಚಿಗೆ ಅಂಚು ತಾಗಿಸಿ ಮೇಲೆ ಓರೆ ಹೊಲಿಗೆ ಓಡಿಸಿದ್ದಾಳೆ. ಯಾಕಮ್ಮಾ ಹೀಗೆ ಅಂದರೆ, “ಪಟ್ಟಿ ಸಾಲಲಿಲ್ಲ ಮಾವಾ” ಅಂದಳು. ಇರಬಹುದು.

ಬ್ಯಾಂಕಿನಲ್ಲಿ ನಮಗೆ ಮಾದರಿ ಸಹಿಯ ಕಾರ್ಡು ಅಂತ ಇರುತ್ತಿತ್ತು. ಚೆಕ್ಕು ಬಂದರೆ ಅದರ ಪಕ್ಕಕ್ಕಿಟ್ಟು ಸಹಿ ತಾಳೆ ನೋಡುವುದು. ಹೆಂಗಸರ ಕಾರ್ಡುಗಳಲ್ಲಿ ಬಹಳಷ್ಟು ಹೆಬ್ಬೆಟ್ಟು. ಸಹಿ ಬಾರದ ಆ ಹೆಂಗಸರಲ್ಲಿ ಎಷ್ಟೋ ಮಂದಿಯ ಹೊಲಿಗೆಯನ್ನು ಊರಿನವರು ದೂರದಿಂದಲೇ ಗುರುತು ಹಿಡಿಯುತ್ತಿದ್ದರು: ಇದು ಇಂಥವಳ ಕೈ, ಅವಳು ದಾರ ಎಳೆದು ಬಿಗಿಯುತ್ತಾಳೆ, ಇದು ಇಂಥವಳದು, ಮೂಲೆಯಲ್ಲಿ ಎರಡು ಹೊಲಿಗೆ ಹೆಚ್ಚು ಹಾಕುತ್ತಾಳೆ. ಈಗ ಆ ಗುರುತು ಹಿಡಿಯುವ ಕಣ್ಣುಗಳೂ ಕಡಿಮೆಯಾಗುತ್ತಿವೆ. ಅಂಗಡಿಯ ಮಿಂಕ್ ಹೊದಿಕೆ ಬೆಚ್ಚಗಿದೆ, ಹಗುರಾಗಿದೆ, ಅಗ್ಗವಾಗಿದೆ. ಅದನ್ನು ಬೈದು ಪ್ರಯೋಜನವಿಲ್ಲ. ಆದರೆ ಕೌದಿ ಹೊಲಿಯುವ ಮುದುಕಿ ನಿಮ್ಮ ಓಣಿಯಲ್ಲಿ ಇನ್ನೂ ಇದ್ದರೆ ಈ ಬೇಸಿಗೆಯಲ್ಲೇ ಅವಳನ್ನು ಕೂರಿಸಿಕೊಳ್ಳಿ. ಕೂಲಿಯನ್ನು ಚೌಕಕ್ಕೆ ಇಷ್ಟು ಎಂದು ಮಾತನಾಡಬೇಡಿ, ಕೂಡಿಕೆಗೆ ಇಷ್ಟು ಎಂದು ಮಾತನಾಡಿ. ನಾನು ಹೇಳಿದ 48 ಚೌಕದ ಕೌದಿಯಲ್ಲಿ ಪ್ರತಿ ಚೌಕಕ್ಕೂ ನಾಲ್ಕು ಪಕ್ಕ, ಒಟ್ಟು 192 ಪಕ್ಕ ಹೊಲಿಯಬೇಕು. ಅದು ಯಾರ ಲೆಕ್ಕದಲ್ಲೂ ಬರುವುದಿಲ್ಲ.

ಮುಗಿದ ಮೇಲೆ ಕೌದಿಯ ಬೆನ್ನಿಗೆ, ಕಾಲಿನ ಕಡೆಯ ಮೂಲೆಯಲ್ಲಿ, ಬಿಳಿ ಬಟ್ಟೆಯ ಸಣ್ಣ ತುಂಡು ಕೂಡಿಸಿ. ಅದರ ಮೇಲೆ ಚೌಕ ಹಾಕಿದವರ ಹೆಸರು, ಕೂಡಿಸಿದವರ ಹೆಸರು, ಊರು, ವರ್ಷ ಇವುಗಳನ್ನು ದಾರದಲ್ಲೇ ಹೊಲಿಸಿ. ಶಾಯಿಯಲ್ಲಿ ಬರೆದರೆ ನಾಲ್ಕು ಒಗೆತಕ್ಕೆ ಹೋಗುತ್ತದೆ. ಯಾವ ಲಿಪಿಯಲ್ಲಿ ಎಂಬುದು ನಿಮ್ಮ ಇಷ್ಟ, ಎರಡರಲ್ಲೂ ಹಾಕಿಸಿದರೆ ಇನ್ನೂ ಒಳ್ಳೆಯದು. ಮಹಾನವಮಿಗೆ ಮುಂಚೆ ಮನೆಯ ಹಾಸಿಗೆ ಹೊದಿಕೆಯನ್ನೆಲ್ಲ ಎಲ್‌ಎಲ್‌ಸಿ ಕಾಲುವೆಗೆ ಹೊತ್ತೊಯ್ದು ಬಡಿದು ಒಗೆಯುವ ಪದ್ಧತಿ ನಮ್ಮಲ್ಲಿದೆ. ಈ ಕೌದಿಯನ್ನು ಮಾತ್ರ ಬಂಡೆಗೆ ಬಡಿಯಬೇಡಿ. ಮನೆಯಲ್ಲೇ ತಣ್ಣೀರಿನಲ್ಲಿ ಅದ್ದಿ, ಕೈಯಲ್ಲಿ ಹಿಂಡದೆ ನೀರು ತಾನಾಗಿ ಇಳಿಯಲು ಬಿಟ್ಟು, ಕಸೂತಿಯ ಮುಖ ಕೆಳಗೆ ಮಾಡಿ ನೆರಳಿನಲ್ಲಿ ಹರವಿ. ಒಣಗಲು ಎರಡು ದಿನ ಹಿಡಿಯುತ್ತದೆ.